ಗೆಳೆಯನಿಗೊಂದು ಪತ್ರ: ಪಟ್ಟಿಯಲ್ಲಿ ಮೂರನ್ನು ಮಾತ್ರ ಉಳಿಸಿಕೋ

ಪ್ರೀತಿಯ ಗೆಳೆಯ,

ನೀನು ಕಳಿಸಿದ 2026ರ ಹೊಸ ವರ್ಷದ ಸಂಕಲ್ಪಗಳ ಪಟ್ಟಿ ಓದಿದೆ. ಆರೋಗ್ಯ ನೋಡಿಕೊಳ್ಳಬೇಕು, ಹತ್ತು ಕಿಲೋ ತೂಕ ಇಳಿಸಬೇಕು, ಸಕ್ಕರೆ ಬಿಡಬೇಕು, ದುಡ್ಡು ಉಳಿಸಬೇಕು, ಹೆಚ್ಚು ಓದಬೇಕು, ಸಿಟ್ಟು ಕಡಿಮೆ ಮಾಡಿಕೊಳ್ಳಬೇಕು. ಆರೂ ಒಳ್ಳೆಯ ಆಸೆಗಳೇ. ಆದರೆ ಇವುಗಳಲ್ಲಿ ಒಂದನ್ನಾದರೂ ಜನವರಿ 1ರ ಬೆಳಗ್ಗೆ ಎದ್ದು ಮಾಡಿ ಮುಗಿಸಲು ಬರುತ್ತದೆಯೇ ನೋಡು. ಆರೋಗ್ಯ ನೋಡಿಕೊಳ್ಳುವುದು ಎಷ್ಟು ಗಂಟೆಗೆ ಶುರುವಾಗುತ್ತದೆ? ಎಲ್ಲಿ? ಇವತ್ತಿನದು ಮುಗಿಯಿತು ಅಂತ ರಾತ್ರಿ ಹೇಗೆ ಗೊತ್ತಾಗುತ್ತದೆ?

ಯಾರದಾದರೂ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪುರೋಹಿತರು ಸಂಕಲ್ಪ ಹೇಳಿಸುವುದನ್ನು ನೆನಪಿಸಿಕೋ. ಭರತವರ್ಷ, ಭರತಖಂಡದಿಂದ ಹಿಡಿದು ನದಿಯ ಯಾವ ದಡ ಎಂಬವರೆಗೆ ಜಾಗ ಹೇಳಿಸುತ್ತಾರೆ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ ಎಂದು ಕಾಲ ಹೇಳಿಸುತ್ತಾರೆ. ಆಮೇಲೆ ಗೋತ್ರ, ಹೆಸರು. ಕೊನೆಗೆ ಮಾಡಲಿರುವ ಕೆಲಸ. ಎಲ್ಲಿ, ಯಾವಾಗ, ಯಾರು, ಏನು ಎಂದು ಬಾಯಿಬಿಟ್ಟು ಹೇಳಿದ ಮೇಲೇ ಪೂಜೆ ಮುಂದಕ್ಕೆ ಹೋಗುವುದು. ನಮ್ಮ ಹೊಸ ವರ್ಷದ ಪಟ್ಟಿಗಳಲ್ಲಿ ‘ಏನು’ ಮಾತ್ರ ಇರುತ್ತದೆ, ಅದೂ ಅರ್ಧಂಬರ್ಧ.

ಪೀಟರ್ ಗಾಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ಈ ವಿಷಯವನ್ನೇ ಬಹಳ ವರ್ಷ ಅಧ್ಯಯನ ಮಾಡಿದವರು. 1999ರ ಲೇಖನವೊಂದರಲ್ಲಿ ಅವರು ತೋರಿಸಿದ್ದು ಇಷ್ಟು: ಬರೀ ಗುರಿ ಇಟ್ಟುಕೊಂಡವರಿಗಿಂತ, ‘ಇಂಥ ಹೊತ್ತು ಬಂದಾಗ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ಹೆಚ್ಚು ಕೆಲಸ ಮುಗಿಸುತ್ತಾರೆ. ಕಾರಣ ಸರಳ. ಆ ಹೊತ್ತಿಗೆ ಮಾಡಲೋ ಬೇಡವೋ ಎಂದು ಯೋಚಿಸುವ ಪ್ರಸಂಗವೇ ಬರುವುದಿಲ್ಲ.

ಮೊದಲು ಪಟ್ಟಿಯನ್ನು ಕತ್ತರಿಸೋಣ. ‘ಆರೋಗ್ಯ’ ಹೊಡೆದುಹಾಕು, ಉಳಿದವುಗಳಲ್ಲೇ ಅದು ಬಂತು. ‘ಸಿಟ್ಟು’ ಹೊಡೆದುಹಾಕು. ನಿದ್ದೆ, ನಡಿಗೆ ಸರಿಯಾದ ಮೇಲೆ ಅದನ್ನು ಮತ್ತೆ ನೋಡಬಹುದು. ‘ಹತ್ತು ಕಿಲೋ’ ಕೂಡ ಹೋಗಲಿ, ಏಕೆಂದರೆ ತೂಕ ಇಳಿಯುವುದು ಫಲ, ನಿನ್ನ ಕೈಯಲ್ಲಿರುವುದು ಕೆಲಸ. ಅದರ ಜಾಗಕ್ಕೆ ನಡಿಗೆ ಬರಲಿ. ಕುಡಿದ ನೀರು, ತಿಂದ ಉಪ್ಪಿನಿಂದಲೇ ತೂಕ ದಿನದಿಂದ ದಿನಕ್ಕೆ ಒಂದು ಕಿಲೋ ಆಚೀಚೆ ಆಗುತ್ತದೆ. ದಿನಾ ಯಂತ್ರ ಹತ್ತಿದರೆ ಯಾವುದೋ ಒಂದು ದಿನ ಮನಸ್ಸು ಮುರಿಯುತ್ತದೆ. ನೋಡಲೇಬೇಕೆಂದರೆ ವಾರಕ್ಕೊಮ್ಮೆ, ಪ್ರತಿ ಸಲ ಅದೇ ದಿನ, ಬೆಳಗ್ಗೆ ಶೌಚ ಮುಗಿಸಿ ಏನೂ ತಿನ್ನುವ ಮೊದಲು. ಓದನ್ನು ಯುಗಾದಿಗೆ ಇಡು. ಉಳಿದದ್ದು ಮೂರು: ನಡಿಗೆ, ಸಕ್ಕರೆ, ದುಡ್ಡು. ಒಂದು ರಾತ್ರಿ ತಡವಾಗಿ ಮಲಗಿದರೆ ಮರುದಿನ ಆರು ಹೊಸ ಕೆಲಸಗಳೂ ಒಟ್ಟಿಗೇ ಉರುಳುತ್ತವೆ. ಮೂರಾದರೆ ಹೇಗೋ ಹಿಡಿದುಕೊಳ್ಳಬಹುದು.

ನಡಿಗೆಯಿಂದ ಶುರುಮಾಡು. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮಧ್ಯಮ ವೇಗ ಎಂದರೆ ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಆದರೆ ಮೊದಲ ದಿನವೇ ಅರ್ಧ ಗಂಟೆ ಬೇಡ. ಜನವರಿ 1ರಿಂದ 14ರವರೆಗೆ 15 ನಿಮಿಷ, 15ರಿಂದ 28ರವರೆಗೆ 20, ಜನವರಿ 29ರಿಂದ ಫೆಬ್ರವರಿ 11ರವರೆಗೆ 25, ಫೆಬ್ರವರಿ 12ರಿಂದ 30. ಬಹಳ ಜನ ಎಡವುವುದು ಇಲ್ಲೇ. ಹೊಸ ಹುರುಪಿನಲ್ಲಿ ಮೊದಲ ವಾರವೇ ಒಂದೊಂದು ಗಂಟೆ ನಡೆಯುತ್ತಾರೆ, ಎರಡನೇ ವಾರ ಹಿಮ್ಮಡಿಯೋ ಮೊಣಕಾಲಿನ ಕೆಳಗಿನ ಎಲುಬೋ ನೋಯುತ್ತದೆ, ಮೂರನೇ ವಾರ ಶೂ ಕಪಾಟು ಸೇರುತ್ತದೆ. ಸಮಯ ಹೆಚ್ಚಿಸುವ ವಾರ ವೇಗ ಹೆಚ್ಚಿಸಬೇಡ. ಅಟ್ಟೆ ಸವೆದ ಹಳೆಯ ಶೂನಲ್ಲಿ ನಡೆಯಬೇಡ. ನಡೆಯುವಾಗ ಎದೆ ಬಿಗಿದಂತಾದರೆ ಅಲ್ಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗು, ಕ್ಯಾಲೆಂಡರ್ ನೋಡುತ್ತಾ ಕೂರಬೇಡ.

ಸಮಯವನ್ನು ಗಡಿಯಾರಕ್ಕೆ ಮಾತ್ರ ಕಟ್ಟಬೇಡ, ದಿನಾ ತಪ್ಪದೆ ಆಗುವ ಇನ್ನೊಂದು ಕೆಲಸಕ್ಕೂ ಕಟ್ಟು. ಜನವರಿಯಲ್ಲಿ ಹುಬ್ಬಳ್ಳಿಯಲ್ಲಿ ಸೂರ್ಯ ಹುಟ್ಟುವುದೇ ಏಳರ ಸುಮಾರಿಗೆ. ಇಷ್ಟು ದಿನ ಏಳಕ್ಕೆ ಎದ್ದವನು ನಾಳೆಯಿಂದ ಐದಕ್ಕೆ ಎಂದು ಬರೆದರೆ ಅದು ಎರಡು ಸಂಕಲ್ಪ ಆಯಿತು, ಬೇಗ ಏಳುವುದು ಬೇರೆ, ನಡೆಯುವುದು ಬೇರೆ. ಹೀಗೆ ಬರೆ: ‘ಬೆಳಗಿನ ಮೊದಲ ಚಹಾದ ಕಪ್ಪು ಕೆಳಗಿಟ್ಟ ಕೂಡಲೇ ಶೂ ಹಾಕಿಕೊಂಡು ಉಣಕಲ್ ಕೆರೆಗೆ ಹೋಗಿ 15 ನಿಮಿಷ ನಡೆಯುತ್ತೇನೆ, ಸೋಮವಾರದಿಂದ ಶುಕ್ರವಾರ.’ ಕೆರೆ ದೂರವಾದರೆ ನಿಮ್ಮ ಓಣಿಯೇ ಸಾಕು. ನಡೆಯಲು ಗಾಡಿ ತೆಗೆದು ಹೋಗಬೇಕಾದ ಜಾಗ ಎರಡು ವಾರಕ್ಕಿಂತ ಹೆಚ್ಚು ನಡೆಸುವುದಿಲ್ಲ. ನೃಪತುಂಗ ಬೆಟ್ಟವನ್ನು ಶನಿವಾರಕ್ಕೆ ಇಟ್ಟುಕೋ, ಮನೆಮಂದಿಯೂ ಬರುತ್ತಾರೆ.

ಏಪ್ರಿಲ್‌ನಲ್ಲಿ ಬಿಸಿಲು ಬೇಗ ಏರುತ್ತದೆ, ಆಗ ಮುಕ್ಕಾಲು ಗಂಟೆ ಮುಂಚೆ ಹೊರಡಬೇಕಾಗುತ್ತದೆ. ಜೂನ್‌ನಲ್ಲಿ ಮಳೆ. ‘ಮಳೆ ಬಂದರೆ ಮನೆಯಲ್ಲೇ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈಯಾನಿಸಿ ದಂಡ ಹತ್ತು ಸಲ, ಹೀಗೆ ಮೂರು ಸುತ್ತು’ ಎಂದು ಈಗಲೇ ಕೆಳಗೆ ಬರೆದಿಡು. ಹೇಗೂ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬೇಕಾದ ಕೆಲಸವೂ ಇದೇ. ಮಂಗಳವಾರ, ಶುಕ್ರವಾರ ನಡಿಗೆಯ ಬೆನ್ನಿಗೇ ಇದನ್ನು ಮಾಡಿ ಮುಗಿಸು.

ಇನ್ನು ಸಕ್ಕರೆ. ‘ಬಿಡಬೇಕು’ ಎಂಬ ಮಾತಿನಲ್ಲೇ ತೊಡಕಿದೆ. ಸ್ವೀಡನ್ನಿನಲ್ಲಿ ಹೊಸ ವರ್ಷದ ಸಂಕಲ್ಪ ಮಾಡಿದ ಸಾವಿರಕ್ಕೂ ಹೆಚ್ಚು ಜನರನ್ನು ವರ್ಷವಿಡೀ ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏನನ್ನಾದರೂ ‘ಮಾಡುತ್ತೇನೆ’ ಎಂದವರಲ್ಲಿ ಸುಮಾರು 59% ಜನ ಗೆದ್ದಿದ್ದರು, ‘ಬಿಡುತ್ತೇನೆ’ ಎಂದವರಲ್ಲಿ 47%. ಅದಕ್ಕೇ ನಿನ್ನ ಸಕ್ಕರೆಯನ್ನೂ ಮಾಡುವ ಕೆಲಸವಾಗಿ ತಿರುಗಿಸು. ದಿನಕ್ಕೆ ನಾಲ್ಕು ಚಹಾ, ಪ್ರತಿಯೊಂದಕ್ಕೂ ಎರಡು ಚಮಚ ಎಂದು ಬರೆದಿದ್ದೀಯ. ಒಂದು ಸಮ ಚಮಚ ಅಂದಾಜು 4 ಗ್ರಾಂ ಹಿಡಿದರೂ ಚಹಾದಲ್ಲೇ 32 ಗ್ರಾಂ ಆಯಿತು. ಮೇಲೆ ಬೆರೆಸುವ ಸಕ್ಕರೆ, ಬೆಲ್ಲ, ಜೇನುತುಪ್ಪ ಎಲ್ಲಾ ಸೇರಿ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಲ್ಲದ ಚಹಾಕ್ಕೆ ಬದಲಾಯಿಸಿದೆ ಎಂದು ಸಮಾಧಾನ ಪಡುವ ಹಾಗಿಲ್ಲ, ಅದೂ ಇದೇ ಲೆಕ್ಕಕ್ಕೆ ಬರುತ್ತದೆ.

ಸಕ್ಕರೆ ಡಬ್ಬಿಯೊಳಗೆ ಒಂದೇ ಅಳತೆಯ ಸಣ್ಣ ಚಮಚ ಇಡು, ತುಂಬಿದ ಮೇಲೆ ಬೆರಳಿನಿಂದ ಸಮ ಮಾಡು. ಗೋಪುರದಂತೆ ತುಂಬಿದ ಚಮಚ ಎಷ್ಟೋ ಸಲ ಒಂದೂವರೆ ಚಮಚಕ್ಕೆ ಸಮ, ಎಲ್ಲರ ಲೆಕ್ಕ ತಪ್ಪುವುದು ಅಲ್ಲೇ. ಜನವರಿಯ ಮೊದಲ ಹದಿನೈದು ದಿನ ಕಪ್ಪಿಗೆ ಒಂದೂವರೆ, ಆಮೇಲಿನ ಹದಿನೈದು ದಿನ ಒಂದು, ಫೆಬ್ರವರಿಯಿಂದ ಅರ್ಧ. ನಾಲಿಗೆಗೆ ಒಗ್ಗಲು ಇಷ್ಟು ಬಿಡುವು ಬೇಕು. ಒಮ್ಮೆಲೇ ನಿಲ್ಲಿಸಿದರೆ ಚಹಾ ಸಪ್ಪೆ ಎನಿಸಿ ಜೊತೆಗೆ ಬಿಸ್ಕತ್ತು ಬರುತ್ತದೆ, ಆ ಬಿಸ್ಕತ್ತಿನಲ್ಲೂ ಸಕ್ಕರೆಯೇ. ಅಂಗಡಿಯ ಚಹಾದಲ್ಲಿ ಸಕ್ಕರೆ ಕುದಿಯುವಾಗಲೇ ಬಿದ್ದಿರುತ್ತದೆ, ‘ಕಡಿಮೆ ಹಾಕ್ರಿ’ ಎಂದರೆ ಆಗುವುದಿಲ್ಲ. ಅದಕ್ಕೇ ಹೊರಗಿನದು ದಿನಕ್ಕೆ ಒಂದೇ ಎಂದು ಬರೆ. ಸಂಕ್ರಾಂತಿಯ ಶೇಂಗಾ ಹೋಳಿಗೆ, ಮಾದೇಲಿಗೆ ಮುಂಚೆಯೇ ಜಾಗ ಮಾಡಿಡು: ‘ಹಬ್ಬದ ದಿನ ಮಧ್ಯಾಹ್ನದ ಊಟದಲ್ಲಿ ಸಿಹಿ ತಿನ್ನುತ್ತೇನೆ, ಸಂಜೆಯಿಂದ ಮತ್ತೆ ಅದೇ ಚಮಚ.’ ಬರೆದಿಟ್ಟ ವಿನಾಯಿತಿಯಿಂದ ಸಂಕಲ್ಪ ಮುರಿಯುವುದಿಲ್ಲ. ಬರೆಯದೆ ತಿಂದರೆ, ಹೇಗೂ ಹಾಳಾಯಿತಲ್ಲ ಎಂದು ಇಡೀ ವಾರ ತಿನ್ನುತ್ತೀಯ.

ದುಡ್ಡಿನದು ಮೂರರಲ್ಲಿ ಸುಲಭ, ಏಕೆಂದರೆ ಒಂದೇ ದಿನ ಕೂತು ಮಾಡಿದರೆ ಉಳಿದದ್ದನ್ನು ಬ್ಯಾಂಕು ಮಾಡುತ್ತದೆ. ಅಕ್ಟೋಬರ್, ನವೆಂಬರ್, ಡಿಸೆಂಬರ್ ತಿಂಗಳ ಸ್ಟೇಟ್‌ಮೆಂಟ್ ತೆಗೆ. ಪ್ರತಿ ತಿಂಗಳು ಮುಂದಿನ ಸಂಬಳ ಬೀಳುವ ಹಿಂದಿನ ದಿನ ಎಷ್ಟು ಉಳಿದಿತ್ತು ನೋಡು. ಮೂರರಲ್ಲಿ ಅತಿ ಕಡಿಮೆ ಯಾವುದೋ ಅದರ ಅರ್ಧ ನಿನ್ನ ಮೊತ್ತ. 6,000 ಉಳಿದಿದ್ದರೆ 3,000, ವರ್ಷಕ್ಕೆ 36,000 ಅಸಲು. ಕಡಿಮೆ ಅನ್ನಿಸಬಹುದು, ಆದರೆ 10,000 ಕಟ್ಟಲು ಹೋಗಿ ಮಾರ್ಚ್‌ನಲ್ಲಿ ಮುರಿಯುವುದಕ್ಕಿಂತ ಇದು ಲೇಸು. ಸಂಬಳ 1ಕ್ಕೆ ಬಿದ್ದರೆ 3ನೇ ತಾರೀಕು ತಾನಾಗಿ ಆರ್‌ಡಿಗೆ, ಅಂದರೆ ತಿಂಗಳಿಗಿಷ್ಟು ಎಂದು ಕಟ್ಟುವ ಠೇವಣಿಗೆ, ಹೋಗುವಂತೆ ಮಾಡು. ಖರ್ಚಾಗಿ ಉಳಿದದ್ದನ್ನು ಕಟ್ಟುತ್ತೇನೆ ಎಂದವರಿಗೆ ಉಳಿಯುವುದೇ ಅಪರೂಪ.

ಅವಧಿಯನ್ನು ಗುರಿ ನೋಡಿ ಆರಿಸು. ಮಕ್ಕಳ ಶಾಲೆಯ ಫೀಜು, ಎಲ್‌ಐಸಿ ಕಂತು ಇಂಥ ವರ್ಷಕ್ಕೊಮ್ಮೆ ಬರುವ ಖರ್ಚೇ ಉಳಿತಾಯವನ್ನು ನುಂಗುವುದು, ಅದಕ್ಕೆ ಬ್ಯಾಂಕಿನ ಒಂದು ವರ್ಷದ ಆರ್‌ಡಿ ಸರಿ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ತಿಂಗಳಿಗೆ 100 ರೂಪಾಯಿಯಿಂದ ಶುರು. 15ನೇ ತಾರೀಕಿನೊಳಗೆ ಖಾತೆ ತೆರೆದರೆ ಪ್ರತಿ ತಿಂಗಳು 15ರೊಳಗೆ ಕಟ್ಟಬೇಕು, ಆಮೇಲೆ ತೆರೆದರೆ ತಿಂಗಳ ಕೊನೆಯ ಕೆಲಸದ ದಿನದೊಳಗೆ. ತಪ್ಪಿದ ತಿಂಗಳಿಗೆ 100 ರೂಪಾಯಿಗೆ ಒಂದು ರೂಪಾಯಿ ದಂಡ, ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ. ಹನ್ನೆರಡು ಕಂತು ಕಟ್ಟಿದ ಮೇಲೆ ಖಾತೆಯಲ್ಲಿರುವ ಮೊತ್ತದ ಅರ್ಧದಷ್ಟು ಸಾಲ ಸಿಗುತ್ತದೆ, ಹಾಗಾಗಿ ತುರ್ತು ಬಂದರೆ ಮುರಿಯುವ ಮಾತು ಬೇಡ.

ಒಂದು ದಿನ ತಪ್ಪಿದರೆ ಏನು ಮಾಡಲಿ ಎಂದು ನೀನು ಕೇಳಿದ್ದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ, ಹೊಸ ಕೆಲಸವೊಂದು ಯೋಚಿಸದೇ ಆಗುವ ರೂಢಿಯಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರ ಅಂದಾಜು 254 ದಿನಕ್ಕೆ ಹೋಗಿತ್ತು. 21 ದಿನದಲ್ಲಿ ಅಭ್ಯಾಸವಾಗುತ್ತದೆ ಎಂದು ಎಲ್ಲೆಲ್ಲೂ ಓಡಾಡುವ ಮಾತು ನಂಬಿ, 22ನೇ ದಿನವೂ ಕಷ್ಟವಾದರೆ ನನ್ನಲ್ಲೇ ದೋಷವಿದೆ ಎಂದುಕೊಳ್ಳಬೇಡ. ಒಂದು ದಿನ ತಪ್ಪಿದರೆ ಹೆಚ್ಚು ವ್ಯತ್ಯಾಸವಾಗದು ಎಂಬುದನ್ನೂ ಅವರು ಕಂಡರು. ಆದರೆ ಸತತ ಎರಡು ದಿನ ತಪ್ಪಿಸಬೇಡ, ಇದು ನನ್ನ ಸಲಹೆ. ಎರಡನೇ ದಿನ ಜ್ವರ ಬಂದು ಎದ್ದ ಸುಸ್ತಿದ್ದರೆ ಅಂಗಳದಲ್ಲಿ ಐದು ನಿಮಿಷ ನಡೆದು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕು. ಗುರುತು ಪೆನ್ನಿನದೇ ಇರಲಿ, ಮೊಬೈಲ್ ಆ್ಯಪ್ ಬೇಡ. ಅದನ್ನು ತೆರೆದವನು ಬೇರೆ ಇನ್ನೇನೋ ನೋಡುತ್ತಾ ಕೂರುತ್ತಾನೆ.

ಹೊಸ ವರ್ಷದ ಸಂಕಲ್ಪ ಯಾವುದೂ ನಿಲ್ಲುವುದಿಲ್ಲ ಎನ್ನುವವರ ಮಾತು ಕೇಳಬೇಡ. ಅಮೆರಿಕದಲ್ಲಿ ಜಾನ್ ನಾರ್‌ಕ್ರಾಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬದಲಾಗುವ ಮನಸ್ಸಿದ್ದೂ ಸಂಕಲ್ಪ ಮಾಡದವರಲ್ಲಿ ಆರು ತಿಂಗಳ ನಂತರ ಗೆಲುವು ಹೇಳಿಕೊಂಡವರು 4%, ಸಂಕಲ್ಪ ಮಾಡಿದವರಲ್ಲಿ 46%.

ಜನವರಿ 1ರಿಂದ ಎಣಿಸಿದರೆ 66ನೇ ದಿನ ಮಾರ್ಚ್ 7. ಯುಗಾದಿ ಮಾರ್ಚ್ 19ಕ್ಕೆ. ಆ ಹಿಂದಿನ ರಾತ್ರಿ ಮೂರು ತಿಂಗಳ ಹಾಳೆಗಳನ್ನು ಎದುರಿಗಿಟ್ಟುಕೊಂಡು ವಾರಕ್ಕೆ ಎಷ್ಟು ಗುರುತು ಬಿದ್ದಿವೆ ಎಣಿಸು. ನಡಿಗೆಗೆ ವಾರಕ್ಕೆ ನಾಲ್ಕೋ ಐದೋ ಇದ್ದರೆ ಓದನ್ನು ಸೇರಿಸು: ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಮೇಲೆ ಹತ್ತು ಪುಟ, ಮೊಬೈಲ್ ಪಡಸಾಲೆಯಲ್ಲಿ ಚಾರ್ಜಿಗೆ. 300 ಪುಟದ ಪುಸ್ತಕ ತಿಂಗಳಿಗೊಂದು ಮುಗಿಯುತ್ತದೆ. ಎರಡೋ ಮೂರೋ ಗುರುತು ಬಿದ್ದಿದ್ದರೆ ಹೊಸದೇನೂ ಬೇಡ, ನಡಿಗೆಯನ್ನು ಮತ್ತೆ 20 ನಿಮಿಷಕ್ಕೆ ಇಳಿಸಿ ಹೊತ್ತು ಬದಲಾಯಿಸು, ಬೆಳಗಿನದು ಸಂಜೆಗೆ ಹೋಗಲಿ.

ಮೂರು ಸಾಲನ್ನೂ ಕೈಯಲ್ಲೇ ಬರೆದು ಡಿಸೆಂಬರ್ 31ರೊಳಗೆ ಫೋಟೊ ಕಳಿಸು. ಎಲ್ಲಿ, ಯಾವಾಗ, ಎಷ್ಟು ಎಂಬುದು ಬಿಟ್ಟಿದ್ದರೆ ಗುರುತು ಮಾಡಿ ವಾಪಸ್ ಕಳಿಸುತ್ತೇನೆ. ಅಮ್ಮನಿಗೆ ನಮಸ್ಕಾರ ಹೇಳು, ಮಕ್ಕಳಿಗೆ ಪ್ರೀತಿ.

ನಿನ್ನ ಗೆಳೆಯ