ಆದಿತ್ಯವಾರದ ಪದಚರ್ಚೆ: ‘ಮ್ಯಾಂಗೊ’

ಎಲ್ಲರಿಗೂ ನಮಸ್ಕಾರ.

ಈ ತಿಂಗಳ ಪದಚರ್ಚೆ ಬರುವ ಆದಿತ್ಯವಾರ ಸಂಜೆ 4 ಗಂಟೆಗೆ, ಬದಿಯಡ್ಕದಲ್ಲಿ ನಾವು ಯಾವಾಗಲೂ ಸೇರುವ ವಾಚನಾಲಯದಲ್ಲಿ. ಕಳೆದ ಸಲ ತಿಳಿಸಿದ ಶನಿವಾರ ಅಲ್ಲ, ದಯವಿಟ್ಟು ಗಮನಿಸಿ. ಕುಂಬಳೆ, ಪೆರ್ಲ ಕಡೆಯಿಂದ ಬರುವವರು ವಾಪಸು ಬಸ್ಸಿನ ಸಮಯ ನೋಡಿಕೊಂಡು ಬನ್ನಿ. 6ಕ್ಕೆ ಖಂಡಿತ ಮುಗಿಸುತ್ತೇವೆ.

ಈ ಸಲದ ಪದ ‘ಮ್ಯಾಂಗೊ’. ಇಂಗ್ಲಿಷಿಗೆ ಇದು ಪೋರ್ಚುಗೀಸರ ‘ಮಂಗಾ’ದಿಂದ ಹೋದದ್ದು, ಅವರು ಎತ್ತಿಕೊಂಡದ್ದು ನಮ್ಮ ಕರಾವಳಿಯ ಮಲಯಾಳದ ‘ಮಾಂಙ’ದಿಂದ. ತಮಿಳಿನಲ್ಲಿ ಮಾಂಗಾಯ್, ಅಂದರೆ ಮಾ ಮತ್ತು ಕಾಯ್. ನಮ್ಮ ಮಾವು, ನಮ್ಮ ಕಾಯಿ! ಲಂಡನಿನ ಅಂಗಡಿಯಲ್ಲಿ ಕೇಳುವ ಪದದೊಳಗೆ ನಮ್ಮ ‘ಕಾಯಿ’ ಕುಳಿತಿದೆ ಎನ್ನುವುದು ನನಗೆ ಎಷ್ಟು ಸಲ ಓದಿದರೂ ಖುಷಿ. ಅರ್ಥದ ಕಥೆ ಇನ್ನೂ ಚಂದ. ಹಡಗಿನಲ್ಲಿ ಹಣ್ಣು ಕೆಡುತ್ತದೆ, ಹಾಗಾಗಿ ಇಂಗ್ಲೆಂಡಿಗೆ ಮೊದಲು ತಲುಪಿದ್ದು ಹೆಚ್ಚಾಗಿ ಉಪ್ಪಿನಕಾಯಿ. ಅದರಿಂದ ಅಲ್ಲಿ ಬೇರೆ ತರಕಾರಿಯ ಉಪ್ಪಿನಕಾಯಿಗೂ ‘ಮ್ಯಾಂಗೊ’ ಎಂದೇ ಹೆಸರಾಯಿತು. ಅಮೆರಿಕದ ಕೆಲವು ಕಡೆ ದೊಣ್ಣೆಮೆಣಸಿಗೂ ಹಾಗೆ ಕರೆಯುತ್ತಿದ್ದರು.

ಬರುವಾಗ ಮನೆಯ ಹಿರಿಯರ ಹತ್ತಿರ ಕೇಳಿ, ನಿಮ್ಮ ತೋಟದ ಕಾಟು ಮಾವಿನ ಮರಗಳ ಹೆಸರು ಬರೆದು ತನ್ನಿ. ತುಳುವಿನಲ್ಲಿ ‘ಕುಕ್ಕು’ (ಅಂದರೆ ಮಾವು) ಸೇರಿದ ಮಾತು, ಗಾದೆ ಗೊತ್ತಿದ್ದವರು ಅದನ್ನೂ. ಮಕ್ಕಳು ‘ಜಾಕ್‌ಫ್ರೂಟ್’ ಮತ್ತು ಮಲಯಾಳದ ‘ಚಕ್ಕ’ದ ನಂಟು ಹುಡುಕಿಕೊಂಡು ಬರಲಿ.

ಚಹಾಕ್ಕೆ ಲೆಕ್ಕ ಬೇಕು. ಬರುವವರು ಶುಕ್ರವಾರ ರಾತ್ರಿಯೊಳಗೆ ಎಷ್ಟು ಜನ ಎಂದು ಇಲ್ಲೇ ತಿಳಿಸಿ. ಮಿಡಿ ಉಪ್ಪಿನಕಾಯಿ ತರುವವರು ದಯವಿಟ್ಟು ಮೊದಲೇ ಹೇಳಿ, ಗಂಜಿಯ ಏರ್ಪಾಡು ಮಾಡೋಣ.