ನಿಂತ ಕುದುರಿ: ಗೆಳೆಯನಿಗೊಂದು ಪತ್ರ

ಲೇ ಹಾಪಾ,

ಫೋನ್ ಮಾಡಿದ್ರ ನೀ ಎತ್ತಂಗಿಲ್ಲ, ಎತ್ತಿದ್ರೂ ಮೀಟಿಂಗಿನಾಗ ಅದೀನಿ ಅಂತಿ, ವಾಯ್ಸ್ ಮೆಸೇಜ್ ಕಳಿಸಿದ್ರ ಡಬಲ್ ಸ್ಪೀಡಿನಾಗ ಕೇಳಿ ಒಂದ್ ಹೆಬ್ಬಟ್ಟು ಒತ್ತಿ ಬಿಡ್ತಿ. ಅದಕ್ಕ ಈ ಸಲ ಎಲ್ಲಾರ ಮುಂದನ ಬರದು ನಿನ್ನ ಟ್ಯಾಗ್ ಮಾಡಾಕತ್ತೀನಿ, ನಾಕ್ ಮಂದಿ ನೋಡಾಕತ್ತಾರ ಅನ್ನೂ ನಾಚಿಕಿಗರ ಉತ್ತರ ಕೊಡ್ತಿ ಅಂತ. ಉಳಿದವರು ಓದ್ರಿ, ಅಡ್ಡಿ ಇಲ್ಲ, ಆದ್ರ ಛತ್ರಿ ವಿಷಯ ಮಾತ್ರ ಕೇಳಬ್ಯಾಡ್ರಿ, ಅದು ನಮ್ಮಿಬ್ಬರ ಕೂಡನ ಮಣ್ಣಿಗೆ ಹೋಗೂದು.

ವಿಷಯ ಏನಪಾ ಅಂದ್ರ ನಾ ಒಂದು ಗಾಡಿ ನೋಡಿ ಬಂದೀನಿ. ನಗಬ್ಯಾಡ. ಫೋರ್ಡ್ ಮಸ್ಟಾಂಗ್, ಕುದುರಿ ಗುರ್ತಿನ ಅಮೆರಿಕಾದ ಸ್ಪೋರ್ಟ್ಸ್ ಕಾರ್. ಜಿಟಿ, ಕೆಂಪನೇದು, ಐದು ಲೀಟರ್ ವಿ8 ಇಂಜಿನ್, 2017ರ ಮಾಡೆಲ್, ಬೆಳಗಾವಿ ಪಾಸಿಂಗ್, ಕೆಎ 22, ಒಬ್ಬರ ಓನರ್, ಓಡಿದ್ದು ಎಷ್ಟಂತಿ? 6,200 ಕಿಲೋಮೀಟರ್. ಎಂಟು ವರ್ಷಕ್ಕ! ಮಣೂಕ ಅಂದ್ರ ಒಣದ್ರಾಕ್ಷಿ ಹೇರೂ ನಮ್ಮ ಪಿಕಪ್ ಒಂದು ದ್ರಾಕ್ಷಿ ಸೀಸನ್ನಿನಾಗ ತಿಕೋಟಾ ತಾಸಗಾಂವ ಅಂತ ತಿರುಗಿ ಇದಕ್ಕಿಂತ ಜಾಸ್ತಿ ಓಡಿ ಬರ್ತೈತಿ.

ನೀ ಏನಂತಿ ಗೊತ್ತೈತಿ, ಕುದುರಿ ಕಂಡ್ರ ಕಾಲ್ನೋವು ಅಂತಿ. ಹೌದಪಾ, ಬಂದೈತಿ ಕಾಲ್ನೋವು. ನಲವತ್ತೈದು ಮುಟ್ಟಿದ ಮ್ಯಾಲ ಒಬ್ಬೊಬ್ಬರಿಗೆ ಒಂದೊಂದು ಬರ್ತೈತಿ, ನಮ್ಮ ಬ್ಯಾಚಿನಾಗ ಇಬ್ಬರು ಮ್ಯಾರಥಾನ್ ಓಡಾಕತ್ತಾರ, ಒಬ್ಬಂವ ಕೂದಲಾ ನಾಟಿ ಮಾಡಿಸ್ಕೊಂಡಾನ, ನೀ ಬುಲೆಟ್ ತಗೊಂಡು ಬೆಂಗಳೂರಿನ ಟ್ರಾಫಿಕ್ಕಿಗೆ ಹೆದರಿ ಪಾರ್ಕಿಂಗಿನಾಗ ನಿಲ್ಲಿಸಿ ರವಿವಾರಕ್ಕೊಮ್ಮೆ ಒರಸ್ತಿ. ನನಗ ಇದು.

ನಮ್ಮ ವಿಜಾಪುರದ ಸ್ಟೇಶನ್ ರೋಡಿನ ಕಟಿಂಗ್ ಅಂಗಡ್ಯಾಗಿನ ಕ್ಯಾಲೆಂಡರ್ ನೆನಪೈತೇನು? ಅದರಾಗಿನ ಕೆಂಪು ಮಸ್ಟಾಂಗಿಗೆ ಸ್ಟೇರಿಂಗ್ ಎಡಗಡೆ ಇತ್ತು, ನೀ ಫೋಟೋ ಉಲ್ಟಾ ಪ್ರಿಂಟ್ ಆಗೈತಿ ಅಂತ ಮೂರು ರೂಪಾಯಿ ಪಂಥ ಕಟ್ಟಿದ್ದಿ. ಈಗ ಕೇಳು. ಆ ಗಾಡಿ ಮೊದಲ ಜನಕ್ಕ ತೋರಿಸಿದ್ದು 1964ರ ಏಪ್ರಿಲ್‌ನಾಗ, ನ್ಯೂಯಾರ್ಕಿನ ಜಾಗತಿಕ ಮೇಳದಾಗ. ಅಲ್ಲಿಂದ ಐವತ್ತು ವರ್ಷ ಕಂಪನಿಯವರು ಎಡಗಡೆ ಸ್ಟೇರಿಂಗಿಂದ ಮಾಡಿದ್ರು, ಬಲಗಡೆದು ಫ್ಯಾಕ್ಟರಿಯಿಂದ ಬಂದಿದ್ದ 2015ಕ್ಕ, ನಮ್ಮ ದೇಶಕ್ಕ 2016ಕ್ಕ, ಆವಾಗ ಶೋರೂಮ್ ರೇಟ್ 65 ಲಕ್ಷ. ಅಂದ್ರ ಫೋಟೋ ಸುಲ್ಟಾನ ಇತ್ತು, ನೀ ಸೋತಿ, ಮೂರು ರೂಪಾಯಿ ಬಾಕಿ ಐತಿ. ಈ ಗಾಡಿ ಯಜಮಾನ್ರು ಈಗ ಹೇಳೂ ರೇಟ್ ಇಲ್ಲಿ ಬರಿಯಂಗಿಲ್ಲ, ನಮ್ಮಾಕಿ ಓದ್ತಾಳ.

ನಾ ಹೋಗಿದ್ದು ಗಾಡಿ ನೋಡಾಕ ಅಲ್ಲ ಖರೇನ. ಮಣೂಕ ಗ್ರೇಡಿಂಗ್ ಮಷೀನಿಂದು ಒಂದು ಎರಕದ ಪಾರ್ಟ್ ಸೀಳಿತ್ತು, ಅದನ್ನ ಮಾಡಸಾಕ ಬೆಳಗಾವಿ ಉದ್ಯಮಬಾಗಕ್ಕ ಹೋಗಿದ್ನಿ. ಫೌಂಡ್ರಿ ಅವರು ಪಾರ್ಟ್ ನಾಳೆ ಸಿಗತೈತಿ, ಅಲ್ಲೀತನಕ ಸುಮ್ನ ಕುಂದ್ರೂ ಬದಲಿ ಟಿಳಕವಾಡಿಯಾಗ ಒಂದು ಮೋಜು ತೋರಸ್ತೀನಿ ಬರ್ರಿ ಅಂತ ಕರಕೊಂಡು ಹೋದ್ರು. ಹೊರಗ ಬೆಳಗಾವಿ ಮಳಿ, ಒಳಗ ಶೆಡ್ಡಿನಾಗ ಬೂದಿ ಬಣ್ಣದ ಕವರ್, ಎಳದ ಕೂಡ್ಲೆ ಮುಂದಿನ ಜಾಳಿಗ್ಯಾಗ ಆ ಕುದುರಿ. ಲಗಾಮಿಲ್ಲ, ಜೀನಿಲ್ಲ, ಬಾಲ ಎತ್ತಿ ಎಡಕ್ಕ ಓಡಾಕತ್ತೈತಿ. ಟಾಂಗಾದವನ ಮಗಾ ನಾ, ಲಗಾಮಿಲ್ಲದ ಕುದುರಿ ನೋಡಿ ಮೊದಲ ಅನಿಸಿದ್ದೇನು ಗೊತ್ತೇನು, ಇದನ್ನ ಯಾರಾರೆ ಹಿಡೀರೋ ಅಂತ.

ನಿನಗ ಗೊತ್ತಲ್ಲ ನಮ್ಮಪ್ಪ, ನಮ್ಮ ಅಬ್ಬಾ, ಕುದುರಿ ನೋಡೂ ರೀತಿ. ಮೊದಲ ತುಟಿ ಎತ್ತಿ ಹಲ್ಲು, ಆಮ್ಯಾಲ ಒಂದೊಂದ ಕಾಲು ಮಡಚಿಸಿ ಗೊರಸು, ಕಡೀಕ ಮೈಮ್ಯಾಲಿನ ಸುಳಿ. ನಿಂತ ಕುದುರಿ ಕೊಳ್ಳಬ್ಯಾಡ ಅನ್ನೂದು ಅವನ ಒಂದ ಮಾತು. ದಿನಾ ದುಡಿಯೂ ಕುದುರಿನ ವಾರಗಟ್ಲೆ ಕಟ್ಟಿಹಾಕಿ ಹುರುಳಿ ತಿನಿಸಿದ್ರ ಕಾಲು ಬಾಯ್ತಾವ, ಒಮ್ಮಿಂದೊಮ್ಮೆಲೆ ಗಾಡಿಗೆ ಹೂಡಿದ್ರ ತೊಡಿ ಕಟ್ಟಿಗಿ ಆಗಿ ಹೆಜ್ಜಿ ಕೀಳಂಗಿಲ್ಲ, ಉಚ್ಚಿ ಕರಿ ಚಹಾದಂಗ ಬರ್ತೈತಿ. ಮೈ ಮಾತ್ರ ಮಿರಿಮಿರಿ ಮಿಂಚತಿರ್ತೈತಿ ನೋಡು, ಅಲ್ಲೇ ಮೋಸ ಹೋಗೂದು ಅಂತಿದ್ದ.

ಗಾಡಿನೂ ಹಂಗ. ಹಲ್ಲು ನೋಡಿದಂಗ ಟೈರ್ ನೋಡಿದ್ನಿ, ಮಗ್ಗಲಿಗೆ ನಾಕು ಅಂಕಿ ಇರ್ತಾವ, ಇದರಾಗ 4816, ಅಂದ್ರ 2016ರ 48ನೇ ವಾರ ಹುಟ್ಟಿದ್ದು. ಗೀರು ಹೊಸಾ ಟೈರಿನಷ್ಟ ಆಳ, ಉಗುರು ಒತ್ತಿದ್ರ ಮಾತ್ರ ಹಳೇ ಚಪ್ಪಲಿ ಅಟ್ಟಿ. ನಾಕುನೂರು ಹಾರ್ಸ್‌ಪವರ್ ಹಿಂದಿನ ಎರಡು ಗಾಲಿಗೆ ಬರೂ ಗಾಡಿ, ಮಳ್ಯಾಗ ಈ ಟೈರಿನ ಮ್ಯಾಲ ಆಕ್ಸಿಲೇಟರ್ ಒತ್ತಿದ್ರ ನಾ ಸೀದಾ ಅಬ್ಬಾನ ಹಂತೇಕ. ಅದಕ್ಕ ನಾಕೂ ಹೊಸಾವು ಹಾಕಬೇಕು, 19 ಇಂಚಿನವು, ಅವುಗಳ ರೇಟ್ ಕೇಳಿದ್ರ ಒಂದು ಎಮ್ಮಿ ಬರ್ತೈತಿ. ಬ್ರೇಕ್ ಆಯಿಲ್ ಕಿಲೋಮೀಟರ್ ನೋಡಂಗಿಲ್ಲ, ನಿಂತಲ್ಲೇ ಗಾಳ್ಯಾಗಿನ ಪಸಿ ಕುಡೀತೈತಿ, ಎರಡು ವರ್ಷಕ್ಕೊಮ್ಮೆ ಬದಲಿ ಮಾಡಬೇಕು. ಈಗಿನ ಪೆಟ್ರೋಲಿನಾಗ 20 ಪರ್ಸೆಂಟ್ ಎಥನಾಲ್, ಅದೂ ನೀರು ಎಳೀತೈತಿ, ತಿಂಗಳುಗಟ್ಲೆ ಟ್ಯಾಂಕಿನಾಗ ಕುಂತ್ರ ಕೆಡತೈತಿ. ಹೋಗೂವಾಗ ಮುಧೋಳ ಹತ್ರ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು, ಕಿವಿ ಹರಿಯೂವಂಗ ಹಾಡು ಹಚ್ಚಿ, ಅರ್ಧ ತಾಸು ನನಗ ದಾರಿ ಬಿಟ್ಟಿದ್ದಿಲ್ಲ, ಅದೇ ಕಬ್ಬು ನಾಳೆ ಎಥನಾಲ್ ಆಗಿ ಈ ಟ್ಯಾಂಕಿನಾಗೂ ಬಂದು ನನಗ ಅಡ್ಡ ನಿಂದ್ರತೈತಿ, ನನ್ನ ಹಣೇಬರಾ ನೋಡು. ಇಲಿ ವೈರ್ ಕಡದಾವೇನು ಅಂತ ಬಾನೆಟ್ ಒಳಗ ಮೊಬೈಲ್ ಟಾರ್ಚ್ ಹಾಕಿ ಹುಡುಕಿದ್ನಿ. ಮೀಟರ್ ತಿರುವ್ಯಾರೇನು ಅಂತ ಬ್ರೇಕ್ ಪೆಡಲ್ ರಬ್ಬರ್ ನೋಡಿದ್ನಿ, ಸೀಟಿನ ಬಲಗಡೆ ಅಂಚು ನೋಡಿದ್ನಿ, ಎಲ್ಲಿ ತೊಡಿ ತಿಕ್ಕತೈತೋ ಅಲ್ಲಿ, ಸರ್ವಿಸ್ ಬಿಲ್ ಒಂದೊಂದ ತಾರೀಖಿಗೆ ಹಚ್ಚಿ ನೋಡಿದ್ನಿ. 6,200 ಖರೇ ಐತಿ.

ಇನ್ನ ತಲಿ ನೋವಿನ ಮಾತು. ಕಂಪನಿ ಇಲ್ಲಿ ಗಾಡಿ ಮಾಡೂದು ಬಿಡ್ತೀವಿ ಅಂದಿದ್ದು 2021ರಾಗ, ಇದು ಮೊದಲಿಂದ ಹೊರದೇಶದಿಂದನ ಬರೂ ಗಾಡಿ, ಪಾರ್ಟ್ ಬೇಕಂದ್ರ ಕಾಯಬೇಕು. ನನ್ನ ದೊಡ್ಡ ಮಗಾ ಯುರೋಪಿನ ಕ್ರ್ಯಾಶ್ ಟೆಸ್ಟಿನಾಗ 2017ರಾಗ ಇದಕ್ಕ ಎರಡ ಸ್ಟಾರ್ ಬಂದಿದ್ದು ಹುಡುಕಿ ಅವರ ಅವ್ವಗ ತೋರಿಸ್ಯಾನ, ಮನಿಮುರುಕ. ಇನ್ಶೂರೆನ್ಸಿನಾಗ ಯಜಮಾನ್ರ ನೋ ಕ್ಲೇಮ್ ಬೋನಸ್, ಅಂದ್ರ ಕ್ಲೇಮ್ ಮಾಡದ್ದಕ್ಕ ಸಿಗೂ ರಿಯಾಯ್ತಿ, ನನಗ ಬರಂಗಿಲ್ಲ, ಅದು ಗಾಡಿದಲ್ಲ, ಮನಷಾಂದು. ಒಂದ ಸಮಾಧಾನ, ಮಹಾರಾಷ್ಟ್ರ ಪಾಸಿಂಗ್ ಇದ್ದಿದ್ರ ಅಡ್ಡಿ ಇಲ್ಲ ಅನ್ನೂ ಎನ್‌ಒಸಿ ಕಾಗದ, ಮತ್ತ ನಮ್ಮ ಕಡೆ ಟ್ಯಾಕ್ಸ್ ಅಂತ ಚಪ್ಪಲಿ ಹರಿತಿದ್ವು, ಅದು ತಪ್ಪಿತು.

ಆಮ್ಯಾಲ ಆಗಿದ್ದು ಕೇಳು.

ಯಜಮಾನ್ರು ಎಪ್ಪತ್ತು ದಾಟಿದವರು, ಎರಡೂ ಮೊಣಕಾಲು ಆಪರೇಶನ್ ಆಗೈತಿ, ಅಷ್ಟು ತಗ್ಗಿನ ಗಾಡ್ಯಾಗ ಕುಂದ್ರಾಕ ಬರತೈತಿ, ಏಳಾಕ ಬರಂಗಿಲ್ಲ, ಅದಕ್ಕ ಮಾರಾಕತ್ತಾರ. ನಾ ಎರಡು ತಾಸು ಪೊಲೀಸನಂಗ ಪ್ರಶ್ನಿ ಕೇಳಿದ್ರೂ ಸಿಟ್ಟಾಗಲಿಲ್ಲ, ಚಹಾ ಕುಡಿಸಿದ್ರು, ಕುಂದಾ ತಿನಿಸಿದ್ರು. ಕಡೀಕ ನಂದೂ ಒಂದ ಕೇಳೂದೈತ್ರಿ ಅಂದ್ರು. ರೇಟ್ ಇರಬೇಕು ಅನ್ಕೊಂಡು ನಾ ಸೆಟದು ಕುಂತ್ನಿ.

"ಇದನ್ನ ಒಯ್ದು ಎಲ್ಲಿ ಕಟ್ತೀರಿ?"

ಚೇಷ್ಟಿಗೆ ಅಂದ್ರೋ ಏನೋ, ಕುದುರಿ ಅಂತ ಕಟ್ತೀರಿ ಅಂದಿರಬೇಕು. ಆದ್ರ ಉತ್ತರಕ್ಕ ಕಾದು ಕುಂತಿದ್ರು. ನೆರಳೈತೇನು, ಯಾರ ಕೈಯಾಗ ಕೊಡ್ತೀರಿ, ವಾರಕ್ಕೊಮ್ಮೆರ ಓಡಸ್ತೀರೇನು. ಒಂದು ಕಬ್ಬಿಣದ ಗಾಡಿ ಸಲುವಾಗಿ. ನನ್ನ ಗಂಟಲದಾಗ ಕುಂದಾ ಇಳೀಲಿಲ್ಲ ನೋಡು.

ಯಾಕಂದ್ರ 1999ರಾಗ ನಾ ಒಂದು ಕುದುರಿ ಮಾರೀನಿ, ಮತ್ತ ಈ ಮಾತು ಕೇಳಲಿಲ್ಲ.

ನೀ ಅರ್ಧ ಕಥಿಗೆ ಇದ್ದಿ. ಆ ಕುದುರಿಗೆ ಮಾಸ್ತರ್ ಅಂತ ನೀನ ಹೆಸರಿಟ್ಟಿದ್ದು, ಗಣಿತದ ಸರ್ ಹಂಗ ತಲಿ ಅಲ್ಲಾಡಸ್ತೈತಿ ಅಂತ. ಅಬ್ಬಾ ಬೇಟಾ ಅಂತಿದ್ದ, ನನಗೂ ಅಷ್ಟ ಪ್ರೀತಿಯಿಂದ ಅಂದಿದ್ದು ನೆನಪಿಲ್ಲ. ಅಬ್ಬಾಗ ಸೊಂಟ ಮುರದು ದವಾಖಾನ್ಯಾಗ ಎರಡು ತಿಂಗಳು ಮಲಗಿದ, ಟಾಂಗಾ ನಾ ಹೊಡಿಬೇಕಿತ್ತು. ಹೊಡೀಲಿಲ್ಲ. ಆಟೋದವರ ಕಾಟ, ಗಿರಾಕಿ ಇಲ್ಲ ಅಂತ ಎಲ್ಲಾರಿಗೂ ಹೇಳಿದ್ನಿ, ಖರೇ ಹೇಳಬೇಕಂದ್ರ ಗುಮ್ಮಟದ ಮುಂದ ನಿಂತು ಗಿರಾಕಿ ಕರೀವಾಗ ಕಾಲೇಜಿನ ಹುಡುಗ್ಯಾರು ನೋಡ್ತಾರ ಅಂತ. ಮಾಸ್ತರ್ ಅಲ್ಲೇ ನಿಂತ, ಕಾಲು ಬಾತ್ವು. ಒಂದಿನ ಲಾರಿ ತಗೊಂಡು ಒಬ್ಬಂವ ಬಂದ, ನಮ್ಮ ಊರಿನವ ಅಲ್ಲ, ಹಲ್ಲು ನೋಡಲಿಲ್ಲ, ಗೊರಸು ಎತ್ತಲಿಲ್ಲ, ಸುಳಿ ಕೇಳಲಿಲ್ಲ, 4,500 ರೂಪಾಯಿ ಎಣಿಸಿ ಕೊಟ್ಟ. ಹಲ್ಲು ನೋಡದ ಕುದುರಿ ಕೊಳ್ಳೂವವ ಯಾಕ ಕೊಳ್ತಾನ ಅಂತ ಟಾಂಗಾದವನ ಮಗಗ ತಿಳಿಯಂಗಿಲ್ಲೇನು? ತಿಳಿದಿತ್ತು. ಅದಕ್ಕ ಕೇಳಲಿಲ್ಲ.

ನಿನಗ ಹೇಳಿದ್ದು ಸೊಲ್ಲಾಪುರದ ಬ್ಯಾಂಡ್ ಕಂಪನಿಯವರು ಮದುವಿ ಮೆರವಣಿಗಿಗೆ ಒಯ್ದ್ರು ಅಂತ. ಅಬ್ಬಾಗೂ ಅದನ್ನ ಹೇಳಿದ್ನಿ. ಅಬ್ಬಾ ಹಾಸಿಗಿ ಮ್ಯಾಲ ಕುಂತು ಖುಷಿ ಪಟ್ಟ ಮಾರಾಯಾ, ಜರಿ ಹೊದಿಸ್ತಾರ, ದಿನಾ ಭಾರ ಎಳಿಯೂದಿಲ್ಲ, ಪುಣ್ಯಾ ಮಾಡ್ಯಾನ ಅಂದ. 2011ರಾಗ ತೀರಿಕೊಳ್ಳೂತನಕ ಓಣ್ಯಾಗ ಮದುವಿ ಬ್ಯಾಂಡ್ ಕೇಳಿದ್ರ ಸಾಕು, ಕೋಲು ಊರಿಕೊಂಡು ಬಾಗಲಕ್ಕ ಬಂದು ನಿಂದ್ರತಿದ್ದ. ಮದುಮಗನ್ನ ನೋಡಾಕ ಅಂತ ನಮ್ಮಾಕಿ ತಿಳಕೊಂಡಿದ್ಲು. ಅಂವ ಕುದುರಿ ಕಾಲು ನೋಡತಿದ್ದ. ನಾ ಒಳಗ ಟಿವಿ ಸೌಂಡ್ ಜೋರು ಮಾಡತಿದ್ನಿ.

ಆ 4,500ದಾಗ ದವಾಖಾನಿಗೆ ಹೋಗಿದ್ದು ಎಷ್ಟೋ, ಉಳಿದಿದ್ದಕ್ಕ ಇನ್ನೊಂದಿಷ್ಟು ಸಾಲ ಕೂಡಿಸಿ ಆ ಹಸಿರು ಬಜಾಜ್ ಎಂ80 ತಗೊಂಡ್ನಿ. ನೀನೂ ಒಂದು ವರ್ಷ ಹಿಂದ ಕುಂತು ತಿರುಗೀದಿ, ಅದಕ್ಕ ಈ ಪಾಪದಾಗ ನಿನಗೂ ನಾಕಾಣೆ ಪಾಲು ಐತಿ ಅಂತ ಮನ್ಯಾಗ ಹೇಳು. ಮಣೂಕದ ಮೊದಲ ಬಾಕ್ಸ್ ನಾ ಹೇರಿದ್ದೂ ಅದರ ಮ್ಯಾಲನ. ಅಂದ್ರ ಈ ಧಂದೆ, ಈ ಮನಿ, ಈ ಮಸ್ಟಾಂಗ್ ನೋಡೂ ಸೊಕ್ಕು, ಎಲ್ಲಾದರ ಬುಡಕ್ಕ... ಇರಲಿ ಬಿಡು.

ಬರೂವಾಗ ಗಾಡ್ಯಾಗ ಕುಂತು ಲೆಕ್ಕಾ ಹಾಕಿದ್ನಿ. ದಿನಕ್ಕ ಇಪ್ಪತ್ತು ಕಿಲೋಮೀಟರ್ ಅಂದ್ರೂ, ಸ್ಟೇಶನ್, ಗುಮ್ಮಟ, ಬಾರಾಕಮಾನ್, ಇಬ್ರಾಹಿಂ ರೋಜಾ, ವರ್ಷಕ್ಕ ಮುನ್ನೂರು ದಿನಾ, 6,000 ಆತು. ಎಂಟು ವರ್ಷದಾಗ ನಾಕುನೂರು ಕುದುರಿ ಓಡಿದ್ದನ್ನ ಮಾಸ್ತರ್ ಒಬ್ಬನ ಒಂದು ವರ್ಷದಾಗ ಓಡತಿದ್ದ, ನಾಕು ಮಂದಿನ ಕುಂದರಿಸ್ಕೊಂಡು, ಮ್ಯಾಲ ಅವರ ಗಂಟುಮೂಟಿ. ಯರಗಟ್ಟಿ ದಾಟಿದ ಮ್ಯಾಲ ಗಾಡಿ ಮಗ್ಗಲಿಗೆ ಹಚ್ಚಿ ಸ್ವಲ್ಪ ಹೊತ್ತು ಕುಂತ್ನಿ. ಪಾರ್ಟಿನ ಡಬ್ಬಿ ಸರಿ ಕಟ್ಟೈತಿಲ್ಲೋ ನೋಡಾಕ ನಿಂತಿದ್ನಿ ಅಂತ ಬರಕೋ.

ಅಯ್ಯ, ಎಲ್ಲಿಂದ ಎಲ್ಲಿಗೆ ಹೋದ್ನಿ ನೋಡು. ಟೈರಿನ ಬಗ್ಗೆ ಸಲಹಾ ಕೇಳಾಕ ಕುಂತಾವ. ಇಲ್ಲಿ ಬರಿಯೂದು ಅಂದ್ರ ಗುಮ್ಮಟದಾಗ ಪಿಸುಗುಟ್ಟಿದಂಗ, ನಿನ್ನ ಕಿವಿಗೆ ಅಂತ ಅಂದಿದ್ದು ಸುತ್ತು ಹಾಕಿ ಆಚಿ ಗ್ವಾಡಿಗೆ ನಿಂತವರಿಗೆಲ್ಲಾ ಕೇಳತೈತಿ. ನೀ ಅಲ್ಲಿ ಒಮ್ಮೆ ಒದರಿದ್ದು ಏಳು ಸಲ ಕೇಳಿ ಆ ಗೈಡ್ ನಿನ್ನ ಕಾಲರ್ ಹಿಡದಿದ್ದಿಲ್ಲೇನು? ಏನ್ ಒದರಿದ್ದಿ ಅಂತ ನಾ ಇವತ್ತಿಗೂ ಯಾರಿಗೂ ಹೇಳಿಲ್ಲ, ಉತ್ತರ ಕೊಡದಿದ್ರ ಮುಂದಿನ ಪತ್ರದಾಗ ಹೇಳತೀನಿ.

ಮನ್ಯಾಗಿನ ಪರಿಸ್ಥಿತಿ ಹೇಳ್ತೀನಿ, ನೀನ ತೀರ್ಮಾನ ಮಾಡು. ಗಾಡಿಗೆ ಎರಡ ಬಾಗಲಾ, ನನಗ ಮೂರು ಮಕ್ಕಳು, ಮ್ಯಾಲ ಅತ್ತಿ. ಹಿಂದಿನ ಸೀಟಿನಾಗ ನಮ್ಮವ್ವನ್ನ ಹ್ಯಾಂಗ ಕುಂದರಸ್ತಿ ಅಂತ ನಮ್ಮಾಕಿ ಕೇಳಿದ್ರ, ಅದ ಆ ಗಾಡಿಯ ದೊಡ್ಡ ಗುಣ ಅಂತ ಬಾಯಿ ತುದೀಗೆ ಬಂದಿತ್ತು, ನುಂಗಿದ್ನಿ. ನಮ್ಮ ಓಣ್ಯಾಗಿನ ಗಟಾರದ ಫರಸಿ ಬ್ಯಾರೆ ನಿನಗ ಗೊತ್ತ ಐತಿ, ಆಟೋದ ಹೊಟ್ಟಿನ ಸವರತೈತಿ ಅದು, ಮಸ್ಟಾಂಗಿಗೆ ಸುನ್ನತಿ ಮಾಡಿ ಕಳಸತೈತಿ. ಲೀಟರಿಗೆ ಐದೋ ಆರೋ ಕೊಡತೈತಿ ಅಂತ ಯಜಮಾನ್ರ ಹೇಳ್ಯಾರ, ಹುರುಳಿಗಿಂತ ತುಟ್ಟಿ.

ಶುಕ್ರವಾರದೊಳಗ ಹೇಳತೀನಿ ಅಂದೀನಿ. ಅವರು ಇನ್ನೊಂದು ಗಿರಾಕಿ ವಾಪಸ್ ಕಳಿಸ್ಯಾರಂತ, ಆ ಹುಡುಗ ಮೊದಲನೇ ಮಾತಿಗೆ ಸೈಲೆನ್ಸರ್ ಬದಲಿ ಮಾಡಸ್ತೀನಿ ಅಂದ್ನಂತ. ನಂದು ಪಾಸ್ ಆಗೈತಿ. ಎಲ್ಲಿ ಕಟ್ತೀರಿ ಅಂದಿದ್ದಕ್ಕ ನಾ ಬಾಯಿಗೆ ಬಂದಂಗ, ಅಬ್ಬಾ ಕುದುರಿ ಕಟ್ಟತಿದ್ದ ಶೆಡ್ ಐತ್ರಿ, ತಗಡಿನದು, ನೆರಳೈತಿ ಅಂದಬಿಟ್ಟೀನಿ. ಖರೇನ ಐತಿ. ಇಪ್ಪತ್ತಾರು ವರ್ಷದಿಂದ ಅದರಾಗ ಮಣೂಕದ ಖಾಲಿ ಬಾಕ್ಸ್ ಒಟ್ಟೀನಿ, ಗೂಟ ಇನ್ನೂ ಕಿತ್ತಿಲ್ಲ. ನಿನ್ನೆ ಸಂಜಿಗೆ ಟೇಪ್ ಹಿಡದು ಅಳದ್ನಿ. ಗಾಡಿ ಹಿಡಿಸತೈತಿ, ಆದ್ರ ಗೂಟ ಕೀಳಬೇಕು.

ನೀ ಬಾ. ಗುರುವಾರ ರಾತ್ರಿ ಬಸ್ ಹತ್ತು, ಇಬ್ಬರೂ ಕೂಡಿ ಬೆಳಗಾವಿಗೆ ಹೋಗೂಣು. ಹಲ್ಲು, ಗೊರಸು ನಾ ನೋಡೀನಿ, ಸುಳಿ ನೋಡಾಕ ನೀ ಬೇಕು. ಈ ಕುದುರಿಗೆ ಸುಳಿ ಎಲ್ಲಿರತೈತಿ ಅಂತ ನನಗಂತೂ ಸಿಗಲಿಲ್ಲ, ಬಂಪರ್ ಕೆಳಗೂ ಹಣಿಕಿ ಹಾಕೀನಿ.

ನಿನ್ನ
ಟಾಂಗಾ

ತಾ.ಕ.: ಮೂರು ರೂಪಾಯಿ ಚಿಲ್ಲರಿ ತಗೊಂಡು ಬಾ. ಫೋನ್‌ಪೇ ನಡಿಯಂಗಿಲ್ಲ.