ಮಂಡಿಗೆ ಚುಚ್ಚುವ ಮೊದಲು ಪೂರ್ತಿ ಹೇಳಿ

ಮಾನ್ಯರೇ,

ಅಮ್ಮನ ಮಂಡಿ ಸವೆತಕ್ಕೆ ಕ್ಲಿನಿಕ್ ಒಂದರಲ್ಲಿ ಪಿಆರ್‌ಪಿ (ರೋಗಿಯದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ದ್ರವ) ಇಂಜೆಕ್ಷನ್ ಕೊಡಿಸಿದೆವು. ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಬೇರ್ಪಟ್ಟ ಹಳದಿ ದ್ರವವನ್ನು ಮಂಡಿಗೆ ಚುಚ್ಚಿದರು. ‘ಸವೆದ ಕಾರ್ಟಿಲೇಜ್ (ಕೀಲಿನ ಮೆದು ಮೂಳೆ) ಮತ್ತೆ ಬೆಳೆಯುತ್ತೆ’ ಎಂದಿದ್ದರು. ಮೂರು ಸಲ ಆಯಿತು. ಅಮ್ಮ ಈಗಲೂ ಗೋಡೆ ಹಿಡಿದೇ ಮೆಟ್ಟಿಲು ಇಳಿಯುತ್ತಾರೆ.

ಆಸ್ಟ್ರೇಲಿಯಾದಲ್ಲಿ ಇಂಥದೇ ತೊಂದರೆಯ 288 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2021ರಲ್ಲೇ ಬಂದಿದೆ. ಅರ್ಧ ಜನರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಉಪ್ಪುನೀರು. ವರ್ಷ ಕಳೆದರೂ ನೋವಿನಲ್ಲಾಗಲಿ ಕಾರ್ಟಿಲೇಜಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ? ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮದಿಂದ ನೋವು ತಗ್ಗುತ್ತದೆ ಎಂಬುದನ್ನಂತೂ ಯಾರೂ ತಿಳಿಸಲಿಲ್ಲ. ಚುಚ್ಚುವ ಮುನ್ನ ಕನ್ನಡದಲ್ಲಿ ಮಾಹಿತಿ ಪತ್ರ ಕೊಡುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ.

– ಓದುಗರೊಬ್ಬರು, ದಾವಣಗೆರೆ